ಅರಿಶಿನ ಹಚ್ಚದ ಕಾರ್ಡುಗಳು

ಗೆಳೆಯರೇ, ಕ್ರಿಸ್‌ಮಸ್ ಕಾರ್ಡು, ಗಿಫ್ಟ್ ಬಾಕ್ಸ್ ಮಾಡಲು ಹಳೆಯ ಮದುವೆ ಕಾರ್ಡಿದ್ದರೆ ಕೊಡಿ ಎಂದು ಈ ಗ್ರೂಪಿನಲ್ಲಿ ಕೇಳಿದ್ದವಳು ನಾನೇ. ಇವತ್ತು ಬೆಳಿಗ್ಗೆ ಹಿಂದಿನ ಬೀದಿಯ ಶಾಂತಕ್ಕ ಒಂದು ಚೀಲ ತುಂಬ ತಂದುಕೊಟ್ಟರು. "ಎಲ್ಲಾ ಕತ್ತರಿಸ್ಬುಡಮ್ಮ, ಒಂದೂ ಉಳಿಸ್ಬೇಡ" ಎಂದು ಹೇಳಿ ಹೊರಟೇಹೋದರು.

ಒಳ್ಳೆಯ ಕೆಂಪು ದಪ್ಪ ಕಾಗದ. ನಕ್ಷತ್ರಗಳನ್ನು ಕತ್ತರಿಸಿದೆ, ಅಕ್ಷರ ಒಳಗೆ ಹೋಗುವಂತೆ ಮಡಚಿ ಬಾಕ್ಸ್ ಮಾಡಿದೆ. ಎಲ್ಲವೂ ಒಂದೇ ಮದುವೆಯ ಕಾರ್ಡು, ಒಂದರ ಮೂಲೆಗೂ ಅರಿಶಿನ ಹಚ್ಚಿಲ್ಲ, ಅಂದರೆ ಹಂಚಿಯೇ ಇಲ್ಲ ಎಂದು ಹೊಳೆದದ್ದು ಎಲ್ಲ ಮುಗಿದ ಮೇಲೆ.

ಅಷ್ಟರಲ್ಲಿ ಶಾಂತಕ್ಕನ ಮಗಳು ಸುಮಾ ಬಂದಳು. ಅವಳಿಗೆ ಗೊತ್ತು ಮಾಡಿದ್ದ ಹುಡುಗ ಹೋದ ತಿಂಗಳು ನೊಣವಿನಕೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ.

"ಅವ್ವ ನನ್ನ ಕೇಳ್ದೆ ತಂದ್ಕೊಟ್ಟವ್ಳೆ. ಒಂದಾದ್ರೂ ಹಂಗೇ ಐತಾ ಅಕ್ಕ?"

"ಇಲ್ಲ ಕಣೇ" ಎಂದೆ.

ಹಿಂದೆಯೇ ಬಂದ ಶಾಂತಕ್ಕ, "ಇಟ್ಕೊಂಡು ಪೂಜೆ ಮಾಡ್ತೀಯೇನೇ? ನಾಳೆ ನಿನ್ನ ನೋಡಕ್ಕೆ ಬರೋರ ಕಣ್ಣಿಗೆ ಬೀಳ್ಲಿ ಅಂತಲಾ?" ಎಂದು ಮಗಳ ತೋಳು ಹಿಡಿದೆಳೆದರು.

ಸುಮಾ ಕೊಸರಿಕೊಂಡು ಒಂದೊಂದೇ ಮುಚ್ಚಳ ತೆಗೆದು ನೋಡಿದಳು. ತಳದಲ್ಲಿ ಅವನ ಹೆಸರು ಕತ್ತರಿಗೆ ಸಿಗದೆ ಪೂರ್ತಿ ಉಳಿದಿದ್ದ ಒಂದು ಬಾಕ್ಸನ್ನು ವೇಲಿನಲ್ಲಿ ಮುಚ್ಚಿಕೊಂಡು ಹೋದಳು.

ಉಳಿದವನ್ನು ಯಾರ ಹಬ್ಬಕ್ಕೆ ಕಳಿಸಲಿ? ಇನ್ನು ಮೇಲೆ ದಯವಿಟ್ಟು ಮೂಲೆಗೆ ಅರಿಶಿನ ಹಚ್ಚಿರುವ ಕಾರ್ಡು ಮಾತ್ರ ಕೊಡಿ.