ಒತ್ತಕ್ಷರ ಕಲಿಸಿದ ಶಾಸಕರು

ಅವರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣ ಇರುತ್ತಿತ್ತು, ಬಡಗಿಯ ಪೆನ್ಸಿಲ್ಲಿನಂತೆ. ಅದರ ಪುಡಿ ಬಿದ್ದು ಕಿವಿಯ ಕೂದಲೆಲ್ಲ ಬೆಳ್ಳಗಾಗಿರುತ್ತಿತ್ತು. ಶ್ರೀಗಂಧದ ಕಾವಲು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ಬೀದಿಗೆಲ್ಲ ಎಮ್ಮೆಲ್ಲೆ ಸಾರ್, ನನಗೆ ಎಮ್ಮೆಲ್ಲೆ ತಾತ.

ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಬಂದು ಹಳ್ಳಿಹಳ್ಳಿಯೂ ತಲೆಕೆಳಗಾಗುತ್ತಿದ್ದ ಎಪ್ಪತ್ತರ ದಶಕದಲ್ಲಿ ಅವರು ಒಂದೇ ಒಂದು ಅವಧಿಗೆ ಶಾಸಕರಾಗಿದ್ದರು. ಮೊದಲ ಅರ್ಜಿ ಹಾಕಿಸಿದ್ದು ಸ್ವಂತ ಅಪ್ಪನ ಗೇಣಿದಾರರ ಕೈಯಲ್ಲೇ! ಜಮೀನು ಹೋಯಿತು. ಅಂದಿನಿಂದ ಅಪ್ಪ ಮಗನನ್ನು ಹೆಸರು ಹಿಡಿದು ಕರೆಯಲೇ ಇಲ್ಲವಂತೆ. “‘ಶಾಸಕರೇ, ಮುದ್ದೆ ಆರೋಗ್ತದೆ, ಬಂದು ಉಣ್ಣಿ’ ಅನ್ನೋರು” ಎಂದು ತಾತ ಹೊಟ್ಟೆ ಕುಣಿಯುವಂತೆ ನಗುತ್ತಿದ್ದರು.

ಒಂದು ಮಾತು ಬಂದಾಗ ಮಾತ್ರ ಆ ನಗು ನಿಲ್ಲುತ್ತಿತ್ತು. ಪಕ್ಕದೂರಿನ ಗೇಣಿದಾರನೊಬ್ಬ, ಜಮೀನ್ದಾರರ ಗುಮಾಸ್ತ ಬರೆದು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ‘ನಾನು ಬರೀ ಕೂಲಿಯವನು’ ಎಂದಿತ್ತು ಅದರಲ್ಲಿ. ಹೊಲ ಕೈತಪ್ಪಿತು. “ಕಾನೂನು ತಂದ್ವಿ ಕಣಮ್ಮ, ಓದೋದು ಕಲಿಸ್ಲಿಲ್ಲ” ಎನ್ನುತ್ತಿದ್ದರು. ಅದಕ್ಕೇ ಚುನಾವಣೆ ಸೋತ ಮೇಲೆ ತಮ್ಮ ಜಗಲಿಯ ಕೆಂಪು ನೆಲವನ್ನೇ ಹಲಗೆ ಮಾಡಿಕೊಂಡು, ಬಂದವರಿಗೆಲ್ಲ ಅಕ್ಷರ ಕಲಿಸಲು ಕೂತರು.

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ತಿಂಗಳು ತುಂಬುವುದರೊಳಗೆ ಚಿಕ್ಕಪ್ಪ ಒಂದು ಕಾಗದ ತಂದು, “ಕಂದಾಯದ್ದು ಅತ್ತಿಗೆ, ಹೆಬ್ಬೆಟ್ಟು ಒತ್ತಿ ಸಾಕು” ಎಂದರು. ಅಮ್ಮ ಅದನ್ನು ಹಿಡಿದು ಪಕ್ಕದ ಮನೆಗೆ ಓಡಿದಳು.

“ನೀವೇ ಓದಿ ಹೇಳಿ ಸಾರ್.”

“ನಾನು ಸುಳ್ಳು ಓದಿದ್ರೆ? ನೀನೇ ಓದಮ್ಮ. ಅಲ್ಲೀವರ್ಗೂ ಒತ್ತಬೇಡ.”

ಅಮ್ಮನೂ ನಾನೂ ಒಂದೇ ಜಗಲಿಯಲ್ಲಿ ಅಕ್ಷರ ತಿದ್ದಿದೆವು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ಕಾಗುಣಿತದಲ್ಲಿ ಅವಳೇ ಮುಂದೆ. ಚಿಕ್ಕಪ್ಪ ವಾರವಾರವೂ ಬರುತ್ತಿದ್ದರು. “ತಡೀಪ್ಪ, ಇನ್ನೂ ಒತ್ತಕ್ಷರ ಆಗಿಲ್ಲ” ಎಂದು ಅಮ್ಮ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅವರೋ, ಇವಳೇನು ಓದುತ್ತಾಳೆ ಎಂದು ನಕ್ಕು ಹೋಗುತ್ತಿದ್ದರು.

ಒಂದು ಭಾನುವಾರ ಅವರೆದುರಿಗೇ ಅಮ್ಮ ಕಾಗದ ಬಿಡಿಸಿದಳು. ಬೆರಳಿಟ್ಟು, ತಡವರಿಸುತ್ತ, ಗಟ್ಟಿಯಾಗಿ ಓದಿದಳು: “ಮನೆಯ ಮೇಲಿನ ನನ್ನ ಹ...ಕ್ಕು ಬಿ...ಟ್ಟು ಕೊ...ಟ್ಟಿ...ದ್ದೇನೆ.”

ಚಿಕ್ಕಪ್ಪ ಕಾಫಿ ಲೋಟ ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದರು. ಮನೆ ಉಳಿಯಿತು. ಅಮ್ಮನಿಗೆ ಮೈದುನನ ಮೇಲಿನ ಕೋಪಕ್ಕಿಂತ ಓದಿದ ಖುಷಿಯೇ ಹೆಚ್ಚು. “ಸಾರ್, ಪೂರ್ತಿ ಓದ್ಬಿಟ್ಟೆ!” ಎಂದು ಕಾಂಪೌಂಡಿನಿಂದಲೇ ಕೂಗಿದಳು. ತಾತ ಪಂಚೆ ಎತ್ತಿ ಕಟ್ಟಿ, ನಡುಬೀದಿಯಲ್ಲಿ ಒಂದು ಸುತ್ತು ಕುಣಿದೇಬಿಟ್ಟರು. ಗೆದ್ದ ದಿನವೂ ಅವರು ಹಾಗೆ ಕುಣಿದಿರಲಿಲ್ಲ ಎಂದು ಅವರ ಹೆಂಡತಿ ಇಂದಿಗೂ ಹೇಳುತ್ತಾರೆ.

ಹೋದ ವರ್ಷ ತಾತ ತೀರಿಕೊಂಡರು. ಮರುದಿನ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಅಮ್ಮ ಅಂದು ಉಳಿಸಿಕೊಂಡ ಅದೇ ಮನೆಯ ಹಜಾರದಲ್ಲಿ ಕೂತು ಒಂದಕ್ಷರವೂ ಬಿಡದೆ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು: ‘ಮೃತರಿಗೆ ಪತ್ನಿ ಇದ್ದಾರೆ.’

“ಅಷ್ಟೇನಾ?” ಎಂದು ನನ್ನ ಮುಖ ನೋಡಿದಳು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಆ ಸಾಲಿನ ಕೆಳಗೆ ದುಂಡಗೆ ಬರೆದಳು: ‘ನಾವೂ ಇದ್ದೀವಿ.’