ಶಿಳ್ಳೆ ಹೊಡೆಯಬಾರದೆಂಬ ಪ್ರಕಟಣೆ

ಗಂಡಸು ಸೀರೆಯುಟ್ಟು ರಂಗಕ್ಕೆ ಬಂದಾಗ ಶಿಳ್ಳೆ ಹೊಡೆದರೆ ಅದು ಅಭಿಮಾನ. ಹೆಂಗಸು ಸೀರೆಯುಟ್ಟು ಬಂದಾಗ ಹೊಡೆದರೆ ಅಸಭ್ಯತೆ. ದೋಹಾದಲ್ಲಿರುವ ನಮ್ಮ ಕರಾವಳಿಯವರ ಸಂಘ ಈ ನಿಯಮವನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯ ಬಿದ್ದದ್ದು ಈ ವರ್ಷದ ನಾಟಕಕ್ಕೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪತ್ರಿಕೆಯಲ್ಲಿ ಸುದ್ದಿ ತಿದ್ದುವವನೊಬ್ಬ ಸಂಘದಲ್ಲಿದ್ದರೆ ಎಲ್ಲ ಪ್ರಕಟಣೆಗಳೂ ಅವನ ತಲೆಗೇ.

ಅಭಿಮಾನದ ಕಾಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆಗ ನಾವೆಲ್ಲ ನಗರದಂಚಿನ ಮುಐದರ್‌ನ ಒಂದು ಹಳೆಯ ವಿಲ್ಲಾದಲ್ಲಿ ಕೋಣೆ ಹಂಚಿಕೊಂಡಿದ್ದ ಬ್ಯಾಚುಲರ್‌ಗಳು. ಊರಲ್ಲಿ ಹೆಂಡತಿ ಮಕ್ಕಳಿದ್ದವರೂ ಇಲ್ಲಿ ಬ್ಯಾಚುಲರ್‌ಗಳೇ. ಗುರುವಾರ ಸಂಜೆ ವಿಲ್ಲಾದ ಹಾಲ್‌ನಲ್ಲಿ ಹಗ್ಗಕ್ಕೆ ಬೆಡ್‌ಶೀಟ್ ಇಳಿಬಿಟ್ಟರೆ ಅದೇ ಪರದೆ, ಆಚೆ ತುಳು ನಾಟಕ. ನಾಯಕಿ ನನ್ನ ರೂಮ್‌ಮೇಟ್. ಹಗಲು ಎಸಿ ಮೆಕ್ಯಾನಿಕ್, ಕೈಯಲ್ಲಿ ಯಾವಾಗಲೂ ಗ್ರೀಸಿನ ವಾಸನೆ. ಅವನ ಸೀರೆಗಳು ಮದೀನತ್ ಖಲೀಫಾದಲ್ಲಿದ್ದ ಒಂದು ಕುಟುಂಬದಿಂದ ಬರುತ್ತಿದ್ದವು, "ಎಣ್ಣೆ ಕಲೆ ಮಾಡಿದರೆ ಮುಂದಿನ ಸಲ ಲುಂಗಿಯಲ್ಲೇ ನಾಯಕಿ" ಎಂಬ ಎಚ್ಚರಿಕೆಯ ಸಮೇತ. ವೇಷ ಹಾಕಿಕೊಂಡು ಬೀದಿಗೆ ಇಳಿಯುವ ಊರಲ್ಲ ಇದು. ಹಾಗಾಗಿ ಪ್ಯಾಂಟು ಶರ್ಟಿನಲ್ಲಿ ಒಳಗೆ ಹೋಗಿ, ಸೀರೆಯಲ್ಲಿ ಆಡಿ, ಮುಖ ತೊಳೆದು, ಮತ್ತೆ ಪ್ಯಾಂಟು ಶರ್ಟಿನಲ್ಲೇ ಹೊರಗೆ ಬರಬೇಕು. ಮೀಸೆ ಮಾತ್ರ ಹಾಗೆ ಹೋಗಿ ಬರುವುದಿಲ್ಲ. ನಾಟಕದ ಮರುವಾರ ಅವನ ಮೇಲಧಿಕಾರಿ ಪ್ರತಿಸಲ ತಮ್ಮ ಮೇಲ್ದುಟಿಯ ಮೇಲೆ ಬೆರಳಿಟ್ಟು ಕೇಳುತ್ತಿದ್ದರಂತೆ, ಮೀಸೆ ಎಲ್ಲಿ? ಇಲ್ಲ, ಮುಗಿಯಿತು ಎಂಬ ಇವನ ಅರಬ್ಬಿ ಉತ್ತರವೂ ಪ್ರತಿಸಲ ಒಂದೇ: "ಮಾಫಿ. ಖಲಾಸ್."

ಅವನ ಪ್ರವೇಶಕ್ಕೆ ಒಂದು ಕ್ರಮವಿತ್ತು. ಸೊಂಟದಲ್ಲಿ ಕೊಡ ಇಟ್ಟುಕೊಂಡು ಅರ್ಧ ರಂಗ ದಾಟುವುದು, ನಿಲ್ಲುವುದು, ಯಾರೋ ಕರೆದರೇನೋ ಎಂಬಂತೆ ಭುಜದ ಮೇಲಿಂದ ಹಿಂದಕ್ಕೆ ನೋಡುವುದು. ಅಲ್ಲಿ ಶಿಳ್ಳೆ ಬೀಳಬೇಕು. ಬೀಳುವ ತನಕ ಅವನು ಅಲ್ಲಿಂದ ಕದಲುತ್ತಿರಲಿಲ್ಲ. ಮೊದಲ ಶಿಳ್ಳೆ ಉಮ್ಮ್ ಸಲಾಲ್‌ನಲ್ಲಿ ದಿನಸಿ ಅಂಗಡಿ ಇಟ್ಟಿರುವ, ನಾವೆಲ್ಲ ಹಾಜಿಯವರೇ ಎಂದು ಕರೆಯುವ ಹಿರಿಯರದು. ಎರಡು ಬೆರಳು ಬಾಯಿಗಿಟ್ಟರೆ ವಿಲ್ಲಾದ ಗಾಜುಗಳು ಅದುರುತ್ತಿದ್ದವು. ಅವರು ಶುರು ಮಾಡದೆ ಉಳಿದವರು ಹೊಡೆಯುತ್ತಿರಲಿಲ್ಲ. ಅದೂ ಒಂದು ಕ್ರಮ.

ಸಂಘ ಬೆಳೆಯಿತು, ಕುಟುಂಬಗಳು ಬಂದವು, ನಾಟಕ ಶಾಲೆಯೊಂದರ ಸಭಾಂಗಣಕ್ಕೆ ಏರಿತು. ರೂಮ್‌ಮೇಟ್ ಸೂಪರ್‌ವೈಸರ್ ಆದ, ಆದರೆ ನಾಯಕಿಯಾಗಿಯೇ ಉಳಿದ. ಈ ವರ್ಷ ಹೊಸ ಅಧ್ಯಕ್ಷರು ಸಮಿತಿಯಲ್ಲಿ ವಿಷಯ ಎತ್ತಿದರು.

"ಕಾಲ ಬದಲಾಯ್ತು. ಹೆಂಗಸರೇ ಇರುವಾಗ ಹೆಂಗಸಿನ ಪಾತ್ರ ಗಂಡಸು ಯಾಕೆ ಮಾಡ್ಬೇಕು?"

"ಹಾಗಾದ್ರೆ ನಾನು?" ಎಂದ ರೂಮ್‌ಮೇಟ್.

"ನಿಮಗೆ ಅತ್ತೆ ಪಾತ್ರ. ಪ್ರಮೋಷನ್ ಅಂತ ತಿಳ್ಕೊಳ್ಳಿ."

ನಾಯಕಿಯಾಗಲು ಮುಂದೆ ಬಂದವರು ಒಂದು ಟ್ರೇಡಿಂಗ್ ಕಂಪನಿಯ ಅಕೌಂಟೆಂಟ್. ಚಿಕ್ಕವರಿದ್ದಾಗ ಊರಲ್ಲಿ ಅಣ್ಣಂದಿರು ಸೀರೆಯುಟ್ಟು ನಾಟಕ ಆಡುವುದನ್ನು, ತಮಗೆ ಅವಕಾಶ ಇಲ್ಲದ್ದನ್ನು ನೋಡಿ ಬೆಳೆದವರು. ಅವರಿಗೆ ನಡೆಯಲು ಕಲಿಸುವ ಹೊಣೆಯನ್ನು ರೂಮ್‌ಮೇಟ್ ತಾನಾಗಿ ಹೊತ್ತುಕೊಂಡ. ತಾಲೀಮು ಅವರ ಮನೆಯ ಹಾಲ್‌ನಲ್ಲಿ. ನೀರಿನ ಕ್ಯಾನೇ ಕೊಡ.

"ಅಕ್ಕ, ನೀವು ಬಸ್ಸು ತಪ್ಪಿದವರ ಹಾಗೆ ನಡೀತೀರಿ."

"ಅಣ್ಣ, ನಾನು ಹೆಂಗಸೇ. ಹೇಗೆ ನಡೆದ್ರೂ ಅದು ಹೆಂಗಸಿನ ನಡಿಗೆಯೇ ಅಲ್ವಾ?"

"ಹೆಂಗಸಾದ್ರೆ ಸಾಲದು. ಕೊನೇ ಸಾಲಿನವನಿಗೂ ಅದು ಕಾಣ್ಬೇಕು. ಸೊಂಟ ಆಮೇಲೆ, ಮೊದಲು ಹಿಮ್ಮಡಿ. ಯಲ್ಲಾ, ಇನ್ನೊಮ್ಮೆ."

ಅವರು ಕಲಿತರು. ಎಷ್ಟು ಕಲಿತರೆಂದರೆ, ಹೆಂಡತಿ ಸೂಪರ್‌ಮಾರ್ಕೆಟ್‌ನಲ್ಲಿ ಟ್ರಾಲಿ ತಳ್ಳುತ್ತಾ ಅರ್ಧದಲ್ಲಿ ನಿಂತು ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾಳೆ, ಹಿಂದೆ ಬರುವವರು ಗುದ್ದುತ್ತಾರೆ ಎಂದು ಗಂಡ ದೂರಿದರು.

ಆಗಲೇ ಅಧ್ಯಕ್ಷರು ಪ್ರಕಟಣೆ ಬರೆಸಿದ್ದು. ವೇದಿಕೆಯಲ್ಲಿ ಮಹಿಳೆಯರಿರುವುದರಿಂದ ಪ್ರೇಕ್ಷಕರು ಶಿಳ್ಳೆ ಹೊಡೆಯಬಾರದೆಂದು ವಿನಂತಿ. ಅಕೌಂಟೆಂಟ್ ಅದನ್ನು ಓದಿ ನೇರ ಅವರ ಬಳಿಗೆ ಹೋದರು.

"ಅಷ್ಟು ವರ್ಷ ಅಣ್ಣನಿಗೆ ಶಿಳ್ಳೆ. ನನಗೆ ಮೌನ ಪ್ರಾರ್ಥನೆಯಾ?"

"ಅದು ಮರ್ಯಾದೆ ಅಕ್ಕ."

"ಮರ್ಯಾದೆ ಆಫೀಸಲ್ಲಿ ಸಿಗ್ತದೆ. ನಾನು ಬರ್ತಿರುವುದು ಶಿಳ್ಳೆಗೆ. ಅದು ಬೀಳದಿದ್ರೆ ಮುಂದಿನ ವರ್ಷ ಕೊಡ ಅಣ್ಣನಿಗೇ ವಾಪಸ್."

ಅಧ್ಯಕ್ಷರು ಒಪ್ಪಲಿಲ್ಲ. ಶಿಳ್ಳೆ ಬೀಳಬೇಕೋ ಬೇಡವೋ ಎಂದು ನಾನು ರೂಮ್‌ಮೇಟ್‌ನನ್ನು ಕೇಳಿದೆ. "ಶಿಳ್ಳೆ ಬಿದ್ರೆ ನನ್ನ ಪಾತ್ರ ಹೋಯ್ತು. ಬೀಳದಿದ್ರೆ ನಾನು ಕಲಿಸಿದ್ದು ಹೋಯ್ತು. ನೀನೇ ಹೇಳು ಮಾರಾಯ," ಎಂದ.

ನಾಟಕ ಶುಕ್ರವಾರ ಮಧ್ಯಾಹ್ನದ ಮೇಲೆ. ಪ್ರಕಟಣೆಯನ್ನು ನಾನೇ ಮೈಕಿನಲ್ಲಿ ಓದಿ ರಂಗದ ಪಕ್ಕಕ್ಕೆ ಸರಿದೆ. ನರೆಗೂದಲಿನ ವಿಗ್ ಹಾಕಿಕೊಂಡ ಅತ್ತೆ ಅಲ್ಲೇ ನಿಂತಿದ್ದಳು. ಪರದೆ ಎದ್ದ ಮೇಲೆ ಹಾಜಿಯವರು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಕೆಲವು ತಿಂಗಳು ಊರಿನಲ್ಲಿದ್ದು ಆ ವಾರವಷ್ಟೇ ಮರಳಿದ್ದರು. ಪಾತ್ರ ಬದಲಾದದ್ದು ಅವರಿಗೆ ಗೊತ್ತಿರಲಿಲ್ಲ, ಪ್ರಕಟಣೆ ಅವರು ಕೇಳಿರಲಿಲ್ಲ, ಕನ್ನಡಕ ಕಾರಿನಲ್ಲಿ ಉಳಿದಿತ್ತು. ಈ ಮೂರನ್ನೂ ನಾನು ಆಮೇಲೆ ಅವರಿಂದಲೇ ಖಚಿತಪಡಿಸಿಕೊಂಡೆ.

ನಾಯಕಿ ಬಂದಳು. ಅರ್ಧ ರಂಗ ದಾಟಿದಳು. ನಿಂತಳು. ಭುಜದ ಮೇಲಿಂದ ಹಿಂದಕ್ಕೆ ನೋಡಿದಳು. ಸಭಾಂಗಣದಲ್ಲಿ ಕೆಮ್ಮು ಕೂಡ ಇಲ್ಲ. ಮುಐದರ್ ಕಾಲದ ಗಂಡಸರು ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದರು. ಆಕೆ ಕದಲಲಿಲ್ಲ. ಪಕ್ಕದಲ್ಲಿ ಅತ್ತೆ ನನ್ನ ತೋಳು ಹಿಂಡುತ್ತಿದ್ದಳು. ಗ್ರೀಸಿನ ಕೈ, ನೋವಾಯಿತು.

ಮುಂದಿನ ಸಾಲಿನಿಂದ ಶಿಳ್ಳೆ ಹಾರಿತು. ಅದೇ ಹಳೆಯ, ಎರಡು ಬೆರಳಿನದು. ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಎರಡನೆಯದು ಬಿತ್ತು, ಅದೂ ಹೆಂಗಸರು ಕೂತಿದ್ದ ಕಡೆಯಿಂದ. ಆಮೇಲೆ ಇಡೀ ಸಭಾಂಗಣದ್ದು. ನಾಯಕಿ ಕೊಡ ಸರಿಮಾಡಿಕೊಂಡು ನಿಧಾನವಾಗಿ ಉಳಿದರ್ಧ ದಾಟಿದಳು.

ಮಧ್ಯಂತರದಲ್ಲಿ ಹಾಜಿಯವರು ವಾಡಿಕೆಯಂತೆ ವೇಷದ ಕೋಣೆಯ ಬಾಗಿಲಿಗೆ ಬಂದರು.

"ಎಂತ ಮಾರಾಯ! ಪ್ರಾಯ ಆದ ಹಾಗೆ ಚಂದ ಆಗ್ತಾ ಇದ್ದಿ!" ಎಂದರು ನಾಯಕಿಗೆ.

"ಥ್ಯಾಂಕ್ಸ್ ಹಾಜಿಯವರೇ."

"ಸ್ವರ ಸಹ ಪಕ್ಕಾ ಮಾಡಿದ್ದಿ!"

"ಹಾಜಿಯವರೇ, ನಾನು ಇಲ್ಲಿ," ಎಂದಿತು ಕನ್ನಡಿಯ ಮುಂದಿದ್ದ ನರೆಗೂದಲು.

ಹಾಜಿಯವರು ಅತ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಯಾ ಅಲ್ಲಾ. ಹಾಗಾದ್ರೆ ಇವರು?"

"ಇವರು ಹೆಂಗಸು."

"ಸತ್ಯವಾಗಿಯೂ?"

"ಸತ್ಯವಾಗಿಯೂ."

ಅವರ ಮುಖ ಇಳಿಯಿತು. "ತಪ್ಪು ತಿಳ್ಕೊಳ್ಬೇಡಿ ಮಗಳೇ. ಗಂಡಸು ಅಂತ ಗ್ರಹಿಸಿ ಶಿಳ್ಳೆ ಹೊಡೆದದ್ದು."

"ಇನ್ನೊಂದು ಎಂಟ್ರಿ ಉಂಟು," ಎಂದರು ಅಕೌಂಟೆಂಟ್, ಹಣೆಯ ಬೊಟ್ಟು ಸರಿಮಾಡಿಕೊಳ್ಳುತ್ತಾ. "ಆಗ ಹೆಂಗಸು ಅಂತ ಗೊತ್ತಿದ್ದೇ ಹೊಡೀರಿ. ಇಲ್ಲದಿದ್ರೆ ಮೊದಲಿನದ್ದು ಅಣ್ಣನ ಲೆಕ್ಕಕ್ಕೆ ಹೋಗ್ತದೆ."

ಹಾಜಿಯವರು ಕಾರಿಗೆ ಹೋಗಿ ಕನ್ನಡಕ ತಂದರು. ಪ್ರಕಟಣೆಯನ್ನು ಮತ್ತೊಮ್ಮೆ ಓದಿ ಎಂದು ಅಧ್ಯಕ್ಷರು ನನಗೆ ಹೇಳಿದರು. ಒಮ್ಮೆ ಪ್ರಕಟವಾದದ್ದನ್ನು ತಿದ್ದುಪಡಿ ಇಲ್ಲದೆ ಮತ್ತೆ ಪ್ರಕಟಿಸುವುದಿಲ್ಲ ಎಂದೆ. ನಮ್ಮ ಪತ್ರಿಕೆಯಲ್ಲಿ ಅಂಥ ನಿಯಮವೇನೂ ಇಲ್ಲ.

ಎರಡನೇ ಪ್ರವೇಶ. ನಾಯಕಿ ನಿಂತಳು, ಹಿಂದಕ್ಕೆ ನೋಡಿದಳು. ಹಾಜಿಯವರು ಕನ್ನಡಕ ಏರಿಸಿ ಅವಳನ್ನು ಚೆನ್ನಾಗಿ ನೋಡಿದರು. ಬೆರಳುಗಳನ್ನು ಬಾಯಿಯ ಹತ್ತಿರ ಒಯ್ದು ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಛಾವಣಿಯ ಎಸಿಯನ್ನು ಪರಿಶೀಲಿಸತೊಡಗಿದರು. ಶಿಳ್ಳೆ ಮೊದಲಿನದಕ್ಕಿಂತ ಉದ್ದವಿತ್ತು. ಈ ಸಲ ಉಳಿದವರು ಕಾಯಲೂ ಇಲ್ಲ.

ಅವಳ ಹಿಂದೆಯೇ ಅತ್ತೆ ಬರಬೇಕು. ಬಂದಳು. ಅರ್ಧ ರಂಗದಲ್ಲಿ ನಿಂತಳು. ಭುಜದ ಮೇಲಿಂದ ಹಿಂದಕ್ಕೆ ನೋಡಿದಳು. ಅದು ನಾಟಕದಲ್ಲಿ ಇರಲಿಲ್ಲ. ಸಭಾಂಗಣ ಸುಮ್ಮನಿತ್ತು. ಅತ್ತೆ ಸೊಂಟಕ್ಕೆ ಕೈಯಿಟ್ಟು ಮುಂದಿನ ಸಾಲಿನತ್ತ ತಿರುಗಿದಳು.

"ಎಲ್ಲಾ ಸೊಸೆಗೇ ಖಾಲಿ ಮಾಡಿದಿರಾ ಹಾಜಿಯವರೇ? ಅವಳಿಗೆ ನಡೆಯಲಿಕ್ಕೆ ಕಲಿಸಿದವಳು ನಾನು!"