ಎರಡನೇ ಗುದ್ದಿಗೂ ಮೊದಲು

ಮುನಿರಾಜು, ಅವತ್ತು ನಿನ್ನ ಕೈ ಜಾರಲಿಲ್ಲ. ನಾನು ಸುಳ್ಳು ಹೇಳಿದೆ. ಹನ್ನೊಂದು ವರ್ಷ ಆ ಸುಳ್ಳನ್ನು ಸಾಕಿಕೊಂಡೇ ನಿನ್ನ ಮನೆಯಲ್ಲಿ ಉಂಡಿದ್ದೇನೆ — ನಾಚಿಕೆಗೆಟ್ಟವನು ನಾನು.

ಪೀಣ್ಯದ ಶೆಡ್ಡಿನಲ್ಲಿ ನನ್ನದು ಲೇತ್ ಕೆಲಸ, ನಿನ್ನದು ವೆಲ್ಡಿಂಗ್. ಹಳೇ ಬೈಕಿನ ಎಡಕ್ಕೆ ಮೂರನೇ ಚಕ್ರ, ಅದರ ಮೇಲೊಂದು ತಗಡಿನ ಹಲಗೆ, ಹಿಡಿಯಲು ಒಂದು ಪೈಪು — ರೇಸಿಗೆಂದು ನಮ್ಮ ಸೈಡ್‌ಕಾರನ್ನು ನಾವೇ ಕಟ್ಟಿದೆವು. ಓಡಿಸುವವನು ನಾನು, ಹಲಗೆಯ ಮೇಲೆ ನೀನು. ಬಲ ತಿರುವಿನಲ್ಲಿ ನೀನು ನನ್ನ ಬೆನ್ನ ಹಿಂದೆ ಬಗ್ಗಬೇಕು; ಎಡ ತಿರುವಿನಲ್ಲಿ ಪೈಪು ಹಿಡಿದು ಮೈಯನ್ನೆಲ್ಲ ಹೊರಗೆ ಚಾಚಬೇಕು. ಇಲ್ಲದಿದ್ದರೆ ಗಾಡಿ ಮಗುಚುತ್ತದೆ. ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯಲು ಜಾಗ ಬಿಡುವಾಗ ನನ್ನ ಬೆನ್ನಿಗೆ ನಿನ್ನ ಒಂದು ಗುದ್ದು. ಪೈಪು ಕೈಗೆ ಸಿಕ್ಕಮೇಲೆ ಇನ್ನೊಂದು. ಎರಡನೆಯದು ಬೀಳುವ ತನಕ ನಾನು ಗಾಡಿ ತಿರುಗಿಸಬಾರದು. ಈ ಕಟ್ಟಳೆ ಮಾಡಿದವನೂ ನಾನೇ.

ಸರ್ಜಾಪುರದಾಚೆಯ ಮಣ್ಣಿನ ಟ್ರ್ಯಾಕು, ಕೊನೆಯ ಸುತ್ತು. ಮುಂದಿನ ಗಾಡಿ ಇನ್ನೇನು ಸಿಕ್ಕೇಬಿಡುವಷ್ಟು ಹತ್ತಿರ. ನಿನ್ನ ಒಂದು ಗುದ್ದು ಬಿತ್ತು. ಎರಡನೆಯದಕ್ಕೆ ಕಾಯಬೇಕೆಂದು ಗೊತ್ತಿತ್ತು — ಚೆನ್ನಾಗಿಯೇ ಗೊತ್ತಿತ್ತು, ಆದರೂ... ಎಡಕ್ಕೆ ಎಳೆದುಬಿಟ್ಟೆ. ಚಕ್ರ ಮೇಲೆದ್ದಿತು. ನೀನು ಹಾರಿ ಬೇಲಿಗೆ ಹೋಗಿ ಬಿದ್ದೆ.

ಆಸ್ಪತ್ರೆಯಲ್ಲಿ ಭುಜಕ್ಕೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ನಿನಗೆ ಆ ತಿರುವೇ ನೆನಪಿರಲಿಲ್ಲ.

"ನನ್ ಕೈ ಜಾರ್ತಾ ಗುರು?" ಎಂದು ನೀನೇ ಕೇಳಿದೆ.

"ಹೂಂ ಕಣೋ, ಜಾರ್ತು" ಎಂದುಬಿಟ್ಟೆ ನಾನು.

"ನಿನ್ ರೇಸ್ ಆಳ್ ಮಾಡ್ಬಿಟ್ನಲ್ಲೋ" ಎಂದು ನೀನು ಅತ್ತೆ — ಅದೂ ನನ್ನ ಕೈ ಹಿಡಿದುಕೊಂಡು.

ಭುಜ ಕೂಡಿಕೊಂಡಿತು, ನೀನು ಮತ್ತೆ ಹಲಗೆ ಹತ್ತಲಿಲ್ಲ. ನಾನು ಬೇರೆಯವರನ್ನು ಹತ್ತಿಸಿಕೊಂಡು ಏಳು ವರ್ಷ ರೇಸು ಓಡಿಸಿದೆ, ಕಪ್‌ಗಳನ್ನೂ ಗೆದ್ದೆ. ಪ್ರತಿ ಸಲವೂ ನೀನು ಬಂದು ಚಪ್ಪಾಳೆ ಹೊಡೆದೆ. ಅದನ್ನೂ ಅರಗಿಸಿಕೊಂಡೆನಲ್ಲ, ಎಂಥ ದಪ್ಪ ಚರ್ಮ ನನ್ನದು.

ಕಳೆದ ಭಾನುವಾರ ವರ್ತೂರಿನ ನಿನ್ನ ಮನೆ ಮುಂದೆ ನಿನ್ನ ಮಗಳು ಸೈಕಲ್ ಕಲಿಯುತ್ತಿದ್ದಳು. ಹಿಂದಿನಿಂದ ಹಿಡಿದುಕೋ ಎಂದು ನಿನ್ನನ್ನು ಕರೆದಳು. ನೀನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ನನ್ ಕೈ ನಂಬಬ್ಯಾಡ ಕಣವ್ವಾ. ಮಾವ ಇಡ್ಕೊಳ್ಳಲಿ."

ನಾನು ಹಿಡಿದೆ. ಆ ಮಗು ನನ್ನನ್ನು ನಂಬಿ ತುಳಿಯಿತು. ಅವತ್ತು ರಾತ್ರಿಯಿಂದ ಈ ಕಾಗದ ಬರೆಯುತ್ತಿದ್ದೇನೆ.

ಈ ಭಾನುವಾರ ಬರುತ್ತೇನೆ. ನಿನ್ನ ಕಿವಿಯಲ್ಲಿ ಮಾತ್ರ ಹೇಳಿ ಜಾರಿಕೊಳ್ಳುವುದಿಲ್ಲ; ನಿನ್ನ ಹೆಂಡತಿ, ಮಗಳ ಎದುರಿಗೇ ಹೇಳುತ್ತೇನೆ. ಸೋಮವಾರ ಶೆಡ್ಡಿನಲ್ಲಿ ಎಲ್ಲರ ಮುಂದೆ. ಒಳಗೆ ಬಿಟ್ಟುಕೊಳ್ಳದಿದ್ದರೆ ಗೇಟಿನ ಹತ್ತಿರವೇ ನಿಂತು ಹೇಳುತ್ತೇನೆ. ಕ್ಷಮೆ ಕೇಳಲು ನನಗೆ ಬಾಯಿಲ್ಲ. ಬೈಯಿ, ಬಾಗಿಲು ಹಾಕಿಕೋ, ಇನ್ನು ನನ್ನ ಮುಖ ನೋಡಬೇಡ.

ಅದಕ್ಕೂ ಮೊದಲು, ಒಂದು ಸಲ, ಮಗಳ ಸೈಕಲ್ ನೀನೇ ಹಿಡಿದುಕೋ.